ಆಂಟಿಕ್ ಪಾಡ್‌ಕಾಸ್ಟ್: ರೈಲಿನಲ್ಲಿ ಅರ್ಧ, ಅಡುಗೆಮನೆಯಲ್ಲಿ ಅರ್ಧ

ನ್ಯೂಜೆರ್ಸಿಯ ಮೆಟ್ರೋಪಾರ್ಕ್ ಸ್ಟೇಷನ್ನಿನಿಂದ ನ್ಯೂವರ್ಕಿಗೆ ರೈಲಿನಲ್ಲಿ ಹೆಚ್ಚುಕಮ್ಮಿ ಇಪ್ಪತ್ತೈದು ನಿಮಿಷ. ಹೋಗುವಾಗ ಒಂದು ಸಂದರ್ಶನದ ಅರ್ಧ, ಸಂಜೆ ಬರುವಾಗ ಉಳಿದರ್ಧ. 2018ರ ಚಳಿಗಾಲದಿಂದ ನಾನು ‘ಆಂಟಿಕ್’ ಪಾಡ್‌ಕಾಸ್ಟ್ ಕೇಳುತ್ತ ಬಂದಿರುವುದು ಹೀಗೆ. 2020ರಲ್ಲಿ ಆಫೀಸೇ ಮನೆಗೆ ಬಂದಾಗ ರೈಲು ತಪ್ಪಿತು. ಆ ಹೊತ್ತು ಚಪಾತಿ ಲಟ್ಟಿಸುವುದಕ್ಕೆ, ಬೆಳ್ಳುಳ್ಳಿ ಸುಲಿಯುವುದಕ್ಕೆ ಹೋಯಿತು, ಪಾಡ್‌ಕಾಸ್ಟ್ ಮಾತ್ರ ತಪ್ಪಲಿಲ್ಲ. ಅಟಾರಿ ಕಂಪನಿ 1979ರಿಂದ ಮಾಡಿ ಮಾರಿದ 8 ಬಿಟ್ಟಿನ ಮನೆ ಕಂಪ್ಯೂಟರುಗಳ ಬಗ್ಗೆ, ಬರೀ ಅವುಗಳ ಬಗ್ಗೆ, ಮಾತಾಡುವ ಕಾರ್ಯಕ್ರಮ ಇದು. ಆ ಯಂತ್ರಗಳನ್ನು ಕಂಪನಿ ಕೈಬಿಟ್ಟಿದ್ದೇ 1992ರಲ್ಲಿ. ಅದಾದ ಇಪ್ಪತ್ತೊಂದು ವರ್ಷಕ್ಕೆ, 2013ರಲ್ಲಿ, ಮೂವರು ಸೇರಿ ಅವುಗಳ ಬಗ್ಗೆ ಮಾತು ಶುರುಮಾಡಿದರು. ಇನ್ನೂ ಮುಗಿದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಚಿಕ್ಕವಳಿದ್ದಾಗ ಅಟಾರಿ ನೋಡಿದವಳೇ ಅಲ್ಲ. ನಾನು ಕಂಡ ಮೊದಲ ಕಂಪ್ಯೂಟರ್ ಬಿಬಿಸಿ ಮೈಕ್ರೋ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಅನ್ನುವ ಯೋಜನೆ ಶುರುಮಾಡಿ, ದೇಶದ ಸುಮಾರು 250 ಶಾಲೆಗಳಿಗೆ ಈ ಇಂಗ್ಲೆಂಡಿನ ಯಂತ್ರವನ್ನು ಕೊಟ್ಟಿತು. ಮೈಸೂರಿನ ನಮ್ಮ ಶಾಲೆಗೂ ಎರಡು ಬಂದವು. ಗಣಿತದ ಮೇಷ್ಟ್ರೇ ಕಂಪ್ಯೂಟರ್ ಮೇಷ್ಟ್ರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಒಂದು ಯಂತ್ರಕ್ಕೆ ಆರು ಜನ, ಹುಡುಗಿಯರ ಸರದಿ ಕೊನೆಗೆ. ಒಂಬತ್ತನೇ ಕ್ಲಾಸಿನಲ್ಲಿ ನಾನು ಆ ಪರದೆಯ ಮೇಲೆ ‘ಕ’ ಬರೆದಿದ್ದೆ. ಚೌಕುಳಿ ಪುಸ್ತಕದಲ್ಲಿ ಎಂಟಕ್ಕೆ ಎಂಟು ಮನೆ ಗುರುತು ಮಾಡಿ, ತಲೆಕಟ್ಟು ಎಲ್ಲಿ, ಅಡ್ಡಗೆರೆ ಎಲ್ಲಿ, ಕೆಳಗಿನ ಎರಡು ಸುರುಳಿ ಎಲ್ಲಿ ಅಂತ ಚುಕ್ಕಿ ತುಂಬಿ, ಒಂದೊಂದು ಸಾಲನ್ನೂ 128, 64, 32 ಅಂತ ಕೂಡಿಸಿ, ವಿಡಿಯು 23, 224 ಅಂತ ಶುರುವಾಗುವ ಸಾಲಿನ ಮುಂದೆ ಆ ಎಂಟು ಅಂಕಿ ಟೈಪ್ ಮಾಡಿದರೆ ‘ಕ’ ಬರುತ್ತಿತ್ತು. ಮೇಷ್ಟ್ರು ಪಕ್ಕದ ಕ್ಲಾಸಿನವರನ್ನೂ ಕರೆದು ತೋರಿಸಿದ್ದರು.

ಮೂವತ್ತು ವರ್ಷ ಆದ ಮೇಲೆ, ನ್ಯೂಜೆರ್ಸಿಯ ಒಂದು ವಿಮಾ ಕಂಪನಿಯಲ್ಲಿ ಕೋಬಾಲ್ ಅನ್ನುವ ಹಳೇ ಕಂಪ್ಯೂಟರ್ ಭಾಷೆಯ ಕೋಡ್ ತಿದ್ದುತ್ತ ಕೂತಿದ್ದಾಗ, ಆ ಸಾಲು ಯಾಕೋ ಮತ್ತೆ ನೆನಪಾಯಿತು. 6502 ಪ್ರೊಸೆಸರ್ ಬಗ್ಗೆ ಏನಾದರೂ ಕೇಳೋಣ ಅಂತ ಹುಡುಕಿದಾಗ ಸಿಕ್ಕಿದ್ದು ಆಂಟಿಕ್. ಬಿಬಿಸಿ ಮೈಕ್ರೋದ ಹೊಟ್ಟೆಯಲ್ಲಿದ್ದದ್ದೂ 6502, ಅಟಾರಿಯ ಹೊಟ್ಟೆಯಲ್ಲಿದ್ದದ್ದೂ ಅದೇ. ಬೇರೆ ಊರಿನ ನೆಂಟರ ಮನೆಗೆ ಹೋದ ಹಾಗಾಯಿತು. ಮಾತಿನ ರೀತಿ ಬೇರೆ, ಆದರೆ ಅಜ್ಜಿ ಒಬ್ಬಳೇ.

ಕಾರ್ಯಕ್ರಮ ಎರಡು ಬಗೆಯಲ್ಲಿ ಬರುತ್ತದೆ. ಒಂದು, ತಿಂಗಳಿಗೊಮ್ಮೆ ಬರುವ ಮಾತುಕತೆ. ಇಂಡಿಯಾನಾದ ರ್‍ಯಾಂಡಿ ಕಿಂಡಿಗ್, ಬ್ರ್ಯಾಡ್ ಆರ್ನಲ್ಡ್, ಆರೆಗಾನಿನ ಕೇ ಸಾವೆಟ್ಜ್, ಮೂವರೂ ತಮ್ಮ ತಮ್ಮ ಊರಿನಲ್ಲಿ ಕೂತು ಗಂಟೆಗಟ್ಟಲೆ ಮಾತಾಡುತ್ತಾರೆ. ಈ ತಿಂಗಳು ಯಾರು ಹೊಸ ಆಟ ಬರೆದರು, ಯಾರು ಹೊಸ ಸರ್ಕ್ಯೂಟ್ ಬೋರ್ಡ್ ಮಾಡಿದರು, ಹಳೇ ದಾಖಲೆ ಕೂಡಿಡುವ ‘ಇಂಟರ್ನೆಟ್ ಆರ್ಕೈವ್’ ಜಾಲತಾಣಕ್ಕೆ ಯಾವ ಹಳೇ ಕೈಪಿಡಿ ಸೇರಿತು, ತಾವು ಏನು ರಿಪೇರಿ ಮಾಡಿದೆವು, ಏನು ಕೆಡಿಸಿಕೊಂಡೆವು. ನಮ್ಮ ಮೈಸೂರಿನ ಮನೆಯ ಜಗಲಿಯಲ್ಲಿ ಅಪ್ಪನ ಸ್ನೇಹಿತರು ಭಾನುವಾರ ಬೆಳಿಗ್ಗೆ ಸೇರುತ್ತಿದ್ದರಲ್ಲ, ಅದೇ ಧಾಟಿ. ಒಬ್ಬರು ಶುರುಮಾಡಿದ್ದನ್ನು ಇನ್ನೊಬ್ಬರು ಮುಗಿಸುತ್ತಾರೆ, ನಡುವೆ ಕಾಫಿಗೆ ಏಳುವುದೊಂದು ಬಾಕಿ.

ಎರಡನೆಯದು ಸಂದರ್ಶನಗಳು. ಇವುಗಳಿಗಾಗಿಯೇ ನಾನು ಈ ಕಾರ್ಯಕ್ರಮವನ್ನು ಎಲ್ಲರಿಗೂ ಶಿಫಾರಸು ಮಾಡುವುದು. ನಾನೂರಕ್ಕೂ ಹೆಚ್ಚಿವೆ, ಬಹುಪಾಲು ಕೇ ಸಾವೆಟ್ಜ್ ಒಬ್ಬರೇ ಮಾಡಿರುವವು. ದೊಡ್ಡ ಹೆಸರಿನವರನ್ನು ಕರೆಸಿ ಮಾತಾಡಿಸುವುದು ಎಲ್ಲರಿಗೂ ಗೊತ್ತಿರುವ ದಾರಿ. ಇವರು ಹುಡುಕಿಕೊಂಡು ಹೋಗಿದ್ದು ಕೈಪಿಡಿ ಬರೆದವರನ್ನು, ಪತ್ರಿಕೆಗೆ ಪ್ರೋಗ್ರಾಂ ಕಳಿಸಿದ ಹೈಸ್ಕೂಲ್ ಹುಡುಗರನ್ನು, ಮನೆಯ ನೆಲಮಾಳಿಗೆಯಲ್ಲಿ ಫ್ಲಾಪಿಗೆ ಲೇಬಲ್ ಅಂಟಿಸಿ ಅಂಚೆಯಲ್ಲಿ ಮಾರುತ್ತಿದ್ದವರನ್ನು. ನಲವತ್ತು ವರ್ಷದ ಹಿಂದೆ ಒಂದೇ ಒಂದು ಶೈಕ್ಷಣಿಕ ಪ್ರೋಗ್ರಾಂ ಬರೆದು ಆಮೇಲೆ ಬೇರೆ ಬದುಕಿಗೆ ಹೋದವರಿಗೆ ಇದ್ದಕ್ಕಿದ್ದ ಹಾಗೆ ಒಂದು ದಿನ ಕರೆ ಬರುತ್ತದೆ. ಅವರ ಮೊದಲ ಒಂದೆರಡು ನಿಮಿಷದ ದನಿ ಕೇಳಬೇಕು. ಇದು ಯಾರಿಗೆ ಬೇಕು ಅನ್ನುವ ಅನುಮಾನ ಇರುತ್ತದೆ. ನಿಧಾನವಾಗಿ ದನಿ ಬಿಚ್ಚಿಕೊಳ್ಳುತ್ತದೆ. ಎಷ್ಟು ಕಿಲೋಬೈಟಿಗೆ ಒಗ್ಗಿಸಬೇಕಾಗಿತ್ತು, ಯಾವ ಸಾಲು ತೆಗೆದೆ, ಯಾರಿಗೆ ಮೊದಲು ತೋರಿಸಿದೆ, ಎಲ್ಲ ಒಂದೊಂದಾಗಿ ಬರುತ್ತದೆ.

ಕೇ ಸಾವೆಟ್ಜ್ ಅವರ ಕೇಳುವ ಕ್ರಮದಲ್ಲಿ ನಾನು ಮೆಚ್ಚಿಕೊಂಡಿದ್ದು ತಾಳ್ಮೆ. ಎದುರಿನವರು ಮರೆತಿದ್ದರೆ ನೆನಪಿಸುವುದಿಲ್ಲ, ಕಾಯುತ್ತಾರೆ. ಮಾತಿನ ಕೊನೆಯಲ್ಲಿ ನಿಮ್ಮ ಹತ್ತಿರ ಹಳೇ ಕಾಗದ, ಫ್ಲಾಪಿ, ಪಟ್ಟಿ ಏನಾದರೂ ಉಳಿದಿದೆಯಾ ಅನ್ನುವ ಕಡೆಗೆ ಹೋಗುತ್ತಾರೆ. ಅಟ್ಟದ ಮೇಲಿನ ರಟ್ಟಿನ ಡಬ್ಬಿ ಕೆಳಗಿಳಿದು, ಸ್ಕ್ಯಾನ್ ಆಗಿ, ಯಾರು ಬೇಕಾದರೂ ನೋಡಬಹುದಾದ ಕಡೆ ಸೇರಿದ್ದು ಹೀಗೆ. ಅಟಾರಿಯ ಹಳೇ ಪುಸ್ತಕ, ಪತ್ರಿಕೆಗಳನ್ನು ಅನುಮತಿ ತೆಗೆದುಕೊಂಡು ಪೂರ್ತಿ ಪಠ್ಯವಾಗಿ ಇಂಟರ್ನೆಟ್ಟಿಗೆ ಹಾಕಿದವರೂ ಇವರೇ. 1982ರಿಂದ 1990ರವರೆಗೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಬರುತ್ತಿದ್ದ ‘ಆಂಟಿಕ್’ ಅನ್ನುವ ಪತ್ರಿಕೆಯೂ ಅದರಲ್ಲಿದೆ. ಅದೇ ಹೆಸರಿನ ಚಿಪ್ಪೂ ಅಟಾರಿಯೊಳಗಿದೆ, ಪರದೆಯ ಚಿತ್ರವನ್ನು ಸಾಲುಸಾಲಾಗಿ ಜೋಡಿಸುವ ಚಿಪ್ಪು.

ಈ ಸಂದರ್ಶನಗಳನ್ನು ಸರಣಿಯಾಗಿ ಕೇಳಿದರೆ ಯಂತ್ರ ಯಾಕೆ ಹಾಗಿದೆ ಅನ್ನುವುದು ತಾನಾಗಿ ಅರ್ಥವಾಗುತ್ತ ಹೋಗುತ್ತದೆ. 1979ರ ಅಟಾರಿ 800 ಎತ್ತಿದರೆ ಕಲ್ಲಿನ ತೂಕ, ಯಾಕೆಂದರೆ ಒಳಗೆ ದಪ್ಪನೆಯ ಅಲ್ಯುಮಿನಿಯಂ ಕವಚ ಇದೆ. ಟಿವಿಗೆ ಜೋಡಿಸುವ ಯಂತ್ರದಿಂದ ರೇಡಿಯೋ ಅಲೆ ಸೋರಬಾರದು ಅಂತ ಅಮೆರಿಕದ ಸರ್ಕಾರದ ನಿಯಮ ಆಗ ಬಹಳ ಬಿಗಿಯಾಗಿತ್ತು. ಕವಚದೊಳಗೆ ಮುಚ್ಚಿಟ್ಟ ಯಂತ್ರಕ್ಕೆ ಡಿಸ್ಕ್, ಪ್ರಿಂಟರ್ ಎಲ್ಲ ಜೋಡಿಸುವುದು ಹೇಗೆ? ಅದಕ್ಕೆ ಎಸ್‌ಐಒ ಅನ್ನುವ ಒಂದೇ ಕೇಬಲ್. ಡಿಸ್ಕಿನಿಂದ ಪ್ರಿಂಟರಿಗೆ, ಅಲ್ಲಿಂದ ಮುಂದಕ್ಕೆ, ಹೂವು ಪೋಣಿಸಿದ ಹಾಗೆ ಸಾಲಾಗಿ ಜೋಡಿಸಿಕೊಂಡು ಹೋಗಬಹುದು. ಯಾವ ಸಾಧನ ಎಲ್ಲಿದೆ ಅಂತ ಯಂತ್ರವೇ ಕೇಳಿ ತಿಳಿಯುತ್ತದೆ. ಇದರ ಹಿಂದಿದ್ದ ಎಂಜಿನಿಯರ್ ಜೋ ಡಿಕ್ಯೂರ್. ಮುಂದೆ ಯುಎಸ್‌ಬಿಯ ಕೆಲಸದಲ್ಲೂ ಕೈ ಇದ್ದವರು, ಅದರ ಬೇರು ಎಸ್‌ಐಒದಲ್ಲಿದೆ ಅಂತ ಹೇಳಿಕೊಂಡವರು. ಯಂತ್ರದ ಜೊತೆ ಬರುತ್ತಿದ್ದ ಅಟಾರಿ ಬೇಸಿಕ್ ಅನ್ನುವ ಪ್ರೋಗ್ರಾಂ ಬರೆಯುವ ಭಾಷೆಯನ್ನು 8 ಕಿಲೋಬೈಟಿನಲ್ಲಿ ಕೂರಿಸಿದವರಲ್ಲಿ ಕ್ಯಾಥ್ಲೀನ್ ಓಬ್ರಿಯನ್ ಅನ್ನುವ ಹೆಂಗಸು ಇದ್ದರು ಅಂತ ತಿಳಿದ ದಿನ ನಾನು ಇಳಿಯಬೇಕಾದ ಸ್ಟೇಷನ್ ಬಂದರೂ ಗಮನಿಸದೆ ಕೂತಿದ್ದೆ. ಹದಿನಾಲ್ಕನೇ ವಯಸ್ಸಿನಲ್ಲಿ ನನಗೆ ಅದನ್ನು ಯಾರಾದರೂ ಹೇಳಿದ್ದರೆ ಸರದಿಯಲ್ಲಿ ಕೊನೆಗೆ ನಿಂತದ್ದು ಅಷ್ಟು ಸಹಜ ಅನ್ನಿಸುತ್ತಿರಲಿಲ್ಲ.

ಇನ್ನು ಕೊರತೆ. ಹೊಸಬರಿಗೆ ತಿಂಗಳ ಮಾತುಕತೆ ಬಾಗಿಲಲ್ಲೇ ನಿಲ್ಲಿಸಿದ ಹಾಗೆ ಅನ್ನಿಸಬಹುದು. 1050 ಅಂದರೆ ಡಿಸ್ಕ್ ಡ್ರೈವ್, 410 ಅಂದರೆ ಕ್ಯಾಸೆಟ್ ರೆಕಾರ್ಡರ್ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ನನಗೆ ಮೂರು ತಿಂಗಳು ಬೇಕಾಯಿತು. ಫೋನಿನಲ್ಲಿ ಹಿಡಿದ ಸಂದರ್ಶನಗಳಲ್ಲಿ ದನಿ ಎಲ್ಲ ಕಡೆ ಒಂದೇ ಸಮ ಇಲ್ಲ, ಗಡಗಡ ಅನ್ನುವ ರೈಲಿನಲ್ಲಿ ಕೆಲವನ್ನು ಕೇಳುವುದು ಕಷ್ಟ. ಅಂಥವನ್ನು ಮನೆಯಲ್ಲಿ ಕೇಳಿ. ಯಾವುದು ಎಲ್ಲಿದೆ ಅಂತ ಹುಡುಕುವುದೂ ಸಲೀಸಲ್ಲ. ನಾನು ಒಂದು ಡೈರಿಯಲ್ಲಿ ಹೆಸರು, ವಿಷಯ ಬರೆದಿಟ್ಟುಕೊಳ್ಳುತ್ತೇನೆ. ಪೂರ್ತಿ ಹೊಸಬರಾಗಿದ್ದರೆ ರ್‍ಯಾಂಡಿ ಕಿಂಡಿಗ್ ಅವರೇ ನಡೆಸುವ ‘ಫ್ಲಾಪಿ ಡೇಸ್’ನಿಂದ ಶುರುಮಾಡುವುದು ಮೇಲು. ಅದರಲ್ಲಿ ಒಂದೊಂದು ಮನೆ ಕಂಪ್ಯೂಟರನ್ನೂ ಎತ್ತಿಕೊಂಡು, ಅದರ ಹುಟ್ಟು, ಒಳಗಿನ ಭಾಗ, ಆಗಿನ ಜಾಹೀರಾತು, ಈಗ ಅದನ್ನು ಹೇಗೆ ಓಡಿಸಬಹುದು ಅಂತ ಮೇಷ್ಟ್ರ ಹಾಗೆ ಕ್ರಮವಾಗಿ ಹೇಳುತ್ತಾರೆ. ಎಲ್ಲವೂ ಉಚಿತ.

ಪಾಡ್‌ಕಾಸ್ಟ್ ಕೇಳುತ್ತಲೇ ಇದ್ದಿದ್ದರೆ ನಾನು ಬರೀ ಕೇಳುವವಳಾಗಿ ಉಳಿಯುತ್ತಿದ್ದೆ. 2019ರ ವಸಂತದಲ್ಲಿ ನಮ್ಮ ಎಡಿಸನ್ನಿನ ಬೀದಿಯಲ್ಲೇ ಒಂದು ಗ್ಯಾರೇಜ್ ಸೇಲ್. ನಿವೃತ್ತ ಶಾಲಾ ಮೇಷ್ಟ್ರೊಬ್ಬರ ಮನೆ. ಮೇಜಿನ ಕೆಳಗೆ ಅಟಾರಿ 800 ಎಕ್ಸ್‌ಎಲ್, 1983ರ ಮಾದರಿ. ಜೊತೆಗೆ 1050 ಡ್ರೈವ್, ಶೂ ಡಬ್ಬಿ ತುಂಬ ಐದೂಕಾಲು ಇಂಚಿನ ಫ್ಲಾಪಿ, ಕೇಬಲ್ ಸುತ್ತಿಟ್ಟ ಕರೀ ಇಟ್ಟಿಗೆಯಂಥ ಪವರ್ ಸಪ್ಲೈ. ಇಪ್ಪತ್ತು ಡಾಲರ್. ‘ಇದನ್ನೆಲ್ಲ ಎಲ್ಲಿ ಇಡ್ತೀಯ?’ ಅಂತ ನಮ್ಮ ಯಜಮಾನರು ಕೇಳಿದರು, ಕೇಳುತ್ತಲೇ ಡ್ರೈವನ್ನು ಎತ್ತಿಕೊಂಡು ನಡೆದರು.

ಅದೇ ಮೇ ತಿಂಗಳ ಮೊದಲ ವಾರ ‘ವಿಂಟೇಜ್ ಕಂಪ್ಯೂಟರ್ ಫೆಸ್ಟಿವಲ್ ಈಸ್ಟ್’ ಇದೆ ಅಂತ ತಿಳಿಯಿತು. ನಡೆಯುವುದು ನಮ್ಮ ರಾಜ್ಯದಲ್ಲೇ, ವಾಲ್ ಅನ್ನುವ ಊರಿನಲ್ಲಿ, ಇನ್ಫೋಏಜ್ ಅನ್ನುವ ವಿಜ್ಞಾನ ಸಂಗ್ರಹಾಲಯದ ಆವರಣದಲ್ಲಿ. ಹಿಂದೆ ಅದು ಕ್ಯಾಂಪ್ ಇವಾನ್ಸ್ ಅನ್ನುವ ಸೈನ್ಯದ ಪ್ರಯೋಗಾಲಯ. 1946ರ ಜನವರಿಯಲ್ಲಿ ಚಂದ್ರನಿಗೆ ರಾಡಾರ್ ಅಲೆ ತಾಗಿಸಿ, ಅದರ ಪ್ರತಿಧ್ವನಿ ಹಿಡಿದದ್ದು ಅಲ್ಲೇ. ಹಳೇ ಬ್ಯಾರಕ್ಕಿನಂಥ ಕಟ್ಟಡಗಳ ಒಳಗೆ ಮೇಜು ಸಾಲಾಗಿ ಹಾಕಿ, ಒಬ್ಬೊಬ್ಬರೂ ತಮ್ಮ ಮನೆಯ ಯಂತ್ರ ತಂದು ಓಡಿಸುತ್ತಿರುತ್ತಾರೆ. ಇಲ್ಲಿ ಯಾವುದಕ್ಕೂ ‘ಮುಟ್ಟಬೇಡಿ’ ಫಲಕ ಇಲ್ಲ. ಕೂತು ಟೈಪ್ ಮಾಡಿ ಅಂತ ಕುರ್ಚಿ ಎಳೆದು ಕೊಡುತ್ತಾರೆ. ಆ ವರ್ಷದ ಶನಿವಾರ ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಬರೆದ ಕೆನ್ ಥಾಂಪ್ಸನ್ ಬಂದಿದ್ದರು, ಮಾತಾಡಿಸಿದವರು ಅವರ ಹಳೇ ಸಹೋದ್ಯೋಗಿ ಬ್ರಯಾನ್ ಕರ್ನಿಗನ್. ಥಾಂಪ್ಸನ್ ಅವರ ಹೆಂಡತಿ ಮಗುವನ್ನು ಕರೆದುಕೊಂಡು ಮೂರು ವಾರ ಊರಿಗೆ ಹೋಗಿದ್ದಾಗ ಯುನಿಕ್ಸಿನ ಮೊದಲ ರೂಪ ಕೂಡಿಬಂದ ಕತೆಯನ್ನು ಅವರ ಬಾಯಿಂದಲೇ ಕೇಳಿದೆ. ನಾನು ಜೀವನವಿಡೀ ಕಂಪ್ಯೂಟರಿನಲ್ಲೇ ದುಡಿದವಳು, ಆದರೂ ಅಂಥವರು ಇರುವ ಕೋಣೆಯಲ್ಲಿ ಕೂತದ್ದು ಅದೇ ಮೊದಲು.

ಆದರೆ ಆ ದಿನದಲ್ಲಿ ನನಗೆ ಹೆಚ್ಚು ನೆನಪಿರುವುದು ಬೇರೆ. ಅಟಾರಿ ಮೇಜಿನ ಹತ್ತಿರ ನಿಂತು, ನನ್ನ ಹತ್ತಿರವೂ ಒಂದು 800 ಎಕ್ಸ್‌ಎಲ್ ಇದೆ, ಇನ್ನೂ ಆನ್ ಮಾಡಿಲ್ಲ ಅಂದೆ. ಮೇಜಿನ ಹಿಂದಿದ್ದ ಬಿಳಿ ಗಡ್ಡದವರು ಕೇಳಿದ ಮೊದಲ ಪ್ರಶ್ನೆ, ಪವರ್ ಸಪ್ಲೈ ಹೇಗಿದೆ ಅಂತ. ಕರೀ ಇಟ್ಟಿಗೆ ಥರ, ತೂಕ ಇದೆ, ಸ್ಕ್ರೂ ಕಾಣಿಸುವುದಿಲ್ಲ ಅಂದೆ. ಅವರು ಎರಡೂ ಕೈ ಎತ್ತಿ, ಅದನ್ನು ಯಂತ್ರಕ್ಕೆ ಚುಚ್ಚಲೇಬೇಡಿ ಅಂದರು. ಈ ಬಳಗದಲ್ಲಿ ಅದಕ್ಕೆ ‘ಇಂಗಾಟ್’ ಅಂತ ಹೆಸರು, ಅಂದರೆ ಎರಕ ಹೊಯ್ದ ಗಟ್ಟಿ. ಒಳಗೆಲ್ಲ ಎಪಾಕ್ಸಿ ಅನ್ನುವ ಗಟ್ಟಿ ಅಂಟು ತುಂಬಿರುವುದರಿಂದ ಬಿಚ್ಚಿ ರಿಪೇರಿ ಮಾಡಲಾಗುವುದಿಲ್ಲ. ವಯಸ್ಸಾದ ಮೇಲೆ 5 ವೋಲ್ಟಿನ ಬದಲು ಅದಕ್ಕಿಂತ ಹೆಚ್ಚು ಕೊಟ್ಟು ಮೆಮೊರಿ ಚಿಪ್ಪುಗಳನ್ನು ಸುಟ್ಟುಬಿಡಬಹುದು. ಯಂತ್ರಕ್ಕೆ ಬೇಕಾಗಿರುವುದು ಬರೀ 5 ವೋಲ್ಟ್, ಅಂದರೆ ಈಗಿನ ಫೋನ್ ಚಾರ್ಜರ್ ಸಾಕು. ಏಳು ಪಿನ್ನಿನ ಡಿನ್ ಪ್ಲಗ್ಗಿಗೆ ಯುಎಸ್‌ಬಿ ತಂತಿ ಬೆಸುಗೆ ಹಾಕಿದರೆ ಆಯಿತು. ಯಾವ ಪಿನ್ನಿಗೆ ಯಾವುದು ಅಂತ ಕಾಗದದ ತಟ್ಟೆಯ ಹಿಂಬದಿಯಲ್ಲಿ ಚಿತ್ರ ಬರೆದು ಕೊಟ್ಟರು. ಆ ತಟ್ಟೆ ಈಗಲೂ ನನ್ನ ಮೇಜಿನ ಮೇಲಿನ ಗೋಡೆಯಲ್ಲಿದೆ, ಒಂದು ಮೂಲೆಯಲ್ಲಿ ಸಾಸಿವೆ ಸಾಸಿನ ಕಲೆ.

ಆನ್ ಮಾಡಿದ ದಿನ ನೀಲಿ ಪರದೆ ಬಂತು, ಮೇಲ್ಗಡೆ ಮೂಲೆಯಲ್ಲಿ ‘ರೆಡಿ’. ಫ್ಲಾಪಿ ಹಾಕಿದಾಗ ಟಿವಿಯ ಸ್ಪೀಕರಿನಿಂದ ವಟವಟ ಅನ್ನುವ ಸದ್ದು. ಎಸ್‌ಐಒದಲ್ಲಿ ಹೋಗುವ ಮಾಹಿತಿಯ ಪ್ರತಿಯೊಂದು ಕಂತೆಯ ಸದ್ದೂ ಕೇಳಿಸುತ್ತದೆ, ಅದೇ ಅಟಾರಿಯ ಗುರುತು. ಆಗ ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ ಸೋಫಾದಲ್ಲಿ ಕೂತಿದ್ದರು. ‘ಮೊದಲ ಮಳೆ ಬಿದ್ದ ರಾತ್ರಿ ಕಪ್ಪೆ ಕೂಗ್ದಂಗಿದೆ ಕಣೇ’ ಅಂದರು. ಅದಾದ ಮೇಲೆ ನಮ್ಮನೆಯಲ್ಲಿ ಆ ಸದ್ದಿಗೆ ಕಪ್ಪೆ ಅಂತಲೇ ಹೆಸರು.

ಫ್ಲಾಪಿಗಳ ಆಯುಷ್ಯ ಮುಗಿಯುತ್ತ ಬಂದಿದೆ. ಮೇಷ್ಟ್ರ ಶೂ ಡಬ್ಬಿಯ ನಲವತ್ತರಲ್ಲಿ ಓದಲು ಬಂದವು ಇಪ್ಪತ್ತಾರು. ಅದಕ್ಕೆ ಬಳಗದವರೇ ಕಂಡುಕೊಂಡ ಉತ್ತರ ‘ಫುಜಿನೆಟ್’. ಥಾಮಸ್ ಚೆರಿಹೋಮ್ಸ್ ಮತ್ತು ಜೊತೆಗಾರರು ಕಟ್ಟಿದ್ದು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಒಳಗೆ ಇಎಸ್‌ಪಿ32 ಅನ್ನುವ ವೈಫೈ ಚಿಪ್ಪು, ಎಸ್‌ಐಒಗೆ ಚುಚ್ಚಿದರೆ ಅಟಾರಿಗೆ ವೈಫೈ. ಯಂತ್ರದ ಮಟ್ಟಿಗೆ ಅದು ಡಿಸ್ಕ್ ಡ್ರೈವ್, ಪ್ರಿಂಟರ್, ಮೋಡೆಮ್ ಎಲ್ಲ ಹೌದು. ನಮ್ಮ ಹಜಾರದ 1983ರ ಪೆಟ್ಟಿಗೆಯಿಂದ ಬೇರೆ ಊರಿನ ಸರ್ವರಿನಲ್ಲಿರುವ ಡಿಸ್ಕನ್ನು ಓದಬಹುದು, ಬೇರೆ ದೇಶದವರ ಜೊತೆ ಇಸ್ಪೀಟು ಆಡಬಹುದು. ಅಟಾರಿಗೆ ಅಂತ ಶುರುವಾದದ್ದು ಈಗ ಆಪಲ್ 2, ಕಲೆಕೋ ಆ್ಯಡಮ್ ಮುಂತಾದವಕ್ಕೂ ಹಬ್ಬಿದೆ. ಹಿಂದೆ ಪೇಟೆಯಲ್ಲಿ ಒಬ್ಬರನ್ನೊಬ್ಬರು ಮಣಿಸಲು ಹೊರಟಿದ್ದ ಯಂತ್ರಗಳು ಈಗ ಒಂದೇ ಆಟದ ಮೇಜಿನಲ್ಲಿ ಕೂರುತ್ತವೆ. ಡಬ್ಬಿಯ ನಕ್ಷೆ, ಕೋಡ್ ಎಲ್ಲ ತೆರೆದಿಟ್ಟಿದ್ದಾರೆ. ಬೇಕಾದವರು ತಾವೇ ಕಟ್ಟಿಕೊಳ್ಳಬಹುದು.

ಈ ಪಾಡ್‌ಕಾಸ್ಟಿನಿಂದಲೇ ನಾನು ಹತ್ತು ಸಾಲಿನ ಬೇಸಿಕ್ ಸ್ಪರ್ಧೆಯ ಬಗ್ಗೆ ಕೇಳಿದ್ದು. ಜರ್ಮನಿಯವರು ನಡೆಸುವ ಸ್ಪರ್ಧೆ. ಹಳೇ 8 ಬಿಟ್ ಯಂತ್ರದಲ್ಲಿ, ಬೇಸಿಕ್‌ನಲ್ಲಿ, ಹತ್ತೇ ಸಾಲಿನಲ್ಲಿ ಒಂದು ಆಟ ಬರೆಯಬೇಕು. ಒಂದು ವಿಭಾಗದಲ್ಲಿ ಸಾಲಿಗೆ 80 ಅಕ್ಷರ, ಇನ್ನೊಂದರಲ್ಲಿ 120. (ಜರ್ಮನಿಯ ಅಟಾರಿ ಬಳಗವೇ ಒಂದು ಬೆರಗು. ಅಲ್ಲಿನ ‘ಆಬ್ಬುಕ್’ ಸಂಘ 1985ರಲ್ಲಿ ಹುಟ್ಟಿದ್ದು, ಇನ್ನೂ ಸದಸ್ಯರಿಗೆ ಡಿಸ್ಕಿನಲ್ಲಿ ಪತ್ರಿಕೆ ಹೊರಡಿಸುತ್ತದೆ.) ಚೌಕಾಬಾರ ಬರೆಯೋಣ ಅಂತ ಕೂತೆ. ಐದಕ್ಕೆ ಐದು ಮನೆ, ನಾಲ್ಕು ಕವಡೆ. ಕವಡೆ ಎಸೆಯುವುದನ್ನೇ ಮೊದಲು ತಪ್ಪು ಬರೆದಿದ್ದೆ. ಒಂದು, ಎರಡು, ಮೂರು, ನಾಲ್ಕು, ಎಂಟು, ಐದೂ ಗರಗಳು ಸಮನಾಗಿ ಬೀಳುವ ಹಾಗೆ. ಅತ್ತೆ ಪಕ್ಕದಲ್ಲಿ ಕೂತು ಹತ್ತು ಸಲ ಆಡಿ, ‘ಇದರಲ್ಲಿ ಎಂಟು ಬಹಳ ಬೀಳುತ್ತೆ, ಇದು ಸರಿಯಿಲ್ಲ’ ಅಂದರು. ಲೆಕ್ಕ ಹಾಕಿದೆ. ನಾಲ್ಕು ಕವಡೆಯಲ್ಲಿ ಹದಿನಾರು ರೀತಿ. ಎಲ್ಲವೂ ಬೋರಲು ಬಿದ್ದರೆ ಎಂಟು, ಅದು ಹದಿನಾರರಲ್ಲಿ ಒಂದೇ ಸಲ. ನಾಲ್ಕೂ ಅಂಗಾತ ಬೀಳುವುದೂ ಒಂದೇ. ಎರಡು ಬೀಳುವುದು ಆರು ಸಲ. ಅಟಾರಿಯಲ್ಲಿ ಸದ್ದು ಹೊರಡಿಸುವ ಪೋಕಿ ಅನ್ನುವ ಚಿಪ್ಪಿನಲ್ಲಿ, 53770ನೇ ವಿಳಾಸದಲ್ಲಿ, ಯಾವಾಗ ಇಣುಕಿದರೂ 0ರಿಂದ 255ರೊಳಗಿನ ಯಾವುದೋ ಒಂದು ಸಂಖ್ಯೆ ಸಿಗುತ್ತದೆ. ಅದನ್ನು ನಾಲ್ಕು ಸಲ ನೋಡಿ, 127ಕ್ಕಿಂತ ಹೆಚ್ಚಿದ್ದರೆ ಅಂಗಾತ ಅಂತ ಎಣಿಸಿದೆ. ಅತ್ತೆ ಮತ್ತೆ ಹತ್ತು ಸಲ ಆಡಿ ಒಪ್ಪಿದರು.

ಮನೆ ಬರೆಯುವುದು, ಕವಡೆ ಎಸೆಯುವುದು ಸೇರಿ ಏಳು ಸಾಲಾಯಿತು. ಕಾಯಿ ನಡೆಸುವುದು, ಹೊಡೆಯುವುದು, ಕಟ್ಟೆಯಲ್ಲಿ ಕೂತ ಕಾಯಿಯನ್ನು ಹೊಡೆಯದಿರುವುದು ಉಳಿದ ಮೂರರಲ್ಲಿ ಹಿಡಿಸಲಿಲ್ಲ. ಸ್ಪರ್ಧೆಗೆ ಕಳಿಸಿಲ್ಲ. ಇಪ್ಪತ್ತೆಂಟು ಸಾಲಿನ ಪೂರ್ತಿ ಆಟವನ್ನು ಮುಂದೆ ಒಂದು ವರ್ಷ ವಾಲ್‌ಗೆ ಒಯ್ದು ಅಟಾರಿ ಮೇಜಿನಲ್ಲಿ ಹಾಕಿದೆ. ಅಕ್ಷರಗಳೂ ಕನ್ನಡವೇ. ಅಟಾರಿಯಲ್ಲಿ ಅಕ್ಷರಗಳ ಪಟ್ಟಿ ಮೆಮೊರಿಯಲ್ಲಿ ಎಲ್ಲಿದೆ ಅಂತ ಹೇಳುವ ಜಾಗ 756. ಅಲ್ಲಿ ಮಾಮೂಲಾಗಿ ಇರುವ ಅಂಕಿ 224. ಮೈಸೂರಿನಲ್ಲಿ ನಾನು ‘ಕ’ ಬರೆದ ಬಿಬಿಸಿಯ ಮೊದಲ ಖಾಲಿ ಅಕ್ಷರದ ಸಂಖ್ಯೆಯೂ 224. ಎರಡಕ್ಕೂ ಸಂಬಂಧ ಏನಿಲ್ಲ ಅಂತ ಗೊತ್ತು, ಆದರೂ ಆ ಅಂಕಿ ಕಂಡಾಗ ಚೌಕುಳಿ ಪುಸ್ತಕದ ವಾಸನೆಯೇ ಬಂದಂತಾಯಿತು. ಒತ್ತಕ್ಷರ ಎಂಟಕ್ಕೆ ಎಂಟರಲ್ಲಿ ಹಿಡಿಸುವುದಿಲ್ಲ, ಕೆಳಗಿನ ಸಾಲಿನ ಮನೆಯನ್ನು ಕಡ ತಗೋಬೇಕು. ‘ಕಟ್ಟೆ’ ಬರೆಯಲು ಒಂದು ಶನಿವಾರ ಪೂರ್ತಿ ಹೋಯಿತು. ವಾಲ್‌ನಲ್ಲಿ ಪೆನ್ಸಿಲ್ವೇನಿಯಾದ ಅಜ್ಜಿ ಮೊಮ್ಮಗ ಕೂತು ಮುಕ್ಕಾಲು ಗಂಟೆ ಆಡಿದರು. ಆ ಹುಡುಗನಿಗೆ ಅತ್ತೆ ಕೊಟ್ಟಿದ್ದ, ಒಂದು ಬದಿ ಕಲ್ಲಿಗೆ ತೇದ ಹುಣಸೆ ಬೀಜ ನಾಲ್ಕನ್ನು ಕೊಟ್ಟು ಕಳಿಸಿದೆ.

ಆರು ವರ್ಷ ಕೇಳಿದ ಮೇಲೆ ನನ್ನಲ್ಲಿ ಉಳಿದುಕೊಂಡಿದ್ದು ಒಂದೇ ಯೋಚನೆ. ಅಟಾರಿಯವರನ್ನು ಕೇಳುವವರು ಇದ್ದಾರೆ. ನಮ್ಮ ಕ್ಲಾಸ್ ಯೋಜನೆಯ ಮೇಷ್ಟ್ರುಗಳನ್ನು ಯಾರು ಕೇಳುತ್ತಾರೆ? ಬಿಬಿಸಿ ಮೈಕ್ರೋವನ್ನು ಪರವಾನಗಿ ಪಡೆದು ನಮ್ಮ ದೇಶದಲ್ಲೇ, ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆಯಲ್ಲಿ ಜೋಡಿಸಿದ್ದೂ ಉಂಟು. ಅದನ್ನು ಜೋಡಿಸಿದ ಕೈಗಳು ಯಾರವು? ಹೋದ ವರ್ಷ ಕೇ ಸಾವೆಟ್ಜ್ ಮಾಡುವ ಹಾಗೆಯೇ ಮಾಡಿದೆ. ಹಳೇ ಸಹಪಾಠಿಗಳಿಂದ ನಂಬರ್ ಹಿಡಿದು ನಮ್ಮ ಗಣಿತದ ಮೇಷ್ಟ್ರಿಗೆ ಫೋನ್ ಮಾಡಿದೆ. ಈಗ ಅವರಿಗೆ ಎಂಬತ್ತೊಂದು. ‘ರೆಕಾರ್ಡ್ ಮಾಡಿಕೊಳ್ಳಲಾ ಸಾರ್?’ ಅಂದೆ. ‘ಇದನ್ನೆಲ್ಲ ಯಾರು ಕೇಳ್ತಾರಮ್ಮ?’ ಅಂದರು, ಪಾಡ್‌ಕಾಸ್ಟಿನಲ್ಲಿ ನಾನು ಎಷ್ಟೋ ಸಲ ಕೇಳಿದ ಅದೇ ಅನುಮಾನದ ದನಿ. ನಾನು ಸುಮ್ಮನೆ ಕಾದೆ. ಆಮೇಲೆ ಐವತ್ತು ನಿಮಿಷ ನಿಲ್ಲಲಿಲ್ಲ. ಬೇಸಿಗೆ ರಜೆಯಲ್ಲಿ ತರಬೇತಿಗೆ ಹೋಗಿ ಬಂದದ್ದು, ಯಂತ್ರಕ್ಕೆ ಹೊಲಿಗೆ ಟೀಚರಿಂದ ಹಳೇ ಪರದೆ ಬಟ್ಟೆಯಲ್ಲಿ ಕವರ್ ಹೊಲಿಸಿದ್ದು, ಕರೆಂಟು ಹೋಗುವ ಮುಂಚೆ ಪ್ರೋಗ್ರಾಂ ಕ್ಯಾಸೆಟ್ಟಿಗೆ ಇಳಿಸಲು ಹುಡುಗರನ್ನು ಅವಸರ ಮಾಡುತ್ತಿದ್ದದ್ದು, ಟೇಪ್ ರೆಕಾರ್ಡರನ್ನು ಮನೆಯಿಂದ ಸೈಕಲ್ಲಿನಲ್ಲಿ ತರುತ್ತಿದ್ದದ್ದು. ‘ನಿನ್ನ ಕ ನೆನಪಿದೆ, ಅದರ ಬಾಲ ಸ್ವಲ್ಪ ಸೊಟ್ಟ ಇತ್ತು’ ಅಂದರು. ಅವರ ತರಬೇತಿಯ ನೋಟ್‌ಬುಕ್ ಇನ್ನೂ ಇದೆಯಂತೆ. ಮಗಳ ಕೈಲಿ ಪುಟಪುಟವೂ ಫೋಟೋ ತೆಗೆಸಿ ಕಳಿಸುತ್ತಿದ್ದಾರೆ. ಇಲ್ಲಿಯವರೆಗೆ ಅರವತ್ತೆರಡು ಪುಟ ಬಂದಿದೆ.

ಕೇಳಬೇಕು ಅನ್ನಿಸಿದವರು ತಿಂಗಳ ಮಾತುಕತೆಗೆ ಮೊದಲೇ ಹೋಗಬೇಡಿ. ಸಂದರ್ಶನಗಳ ಪಟ್ಟಿ ತೆಗೆದು, ನಿಮಗೆ ಹೆಸರೇ ಗೊತ್ತಿಲ್ಲದ ಯಾರನ್ನಾದರೂ ಆರಿಸಿಕೊಳ್ಳಿ, ಮೊದಲ ಹತ್ತು ನಿಮಿಷ ಬಿಡದೆ ಕೇಳಿ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಕಡೆ ಇರುವವರು ವಾಲ್‌ನ ಹಬ್ಬಕ್ಕೂ ಒಮ್ಮೆ ಹೋಗಿ ಬನ್ನಿ. ವಸಂತದಲ್ಲಿ ಮೂರು ದಿನ ಇರುತ್ತದೆ. ಬೆಳಿಗ್ಗೆ ಬೇಗ ಹೋದರೆ ಮಾರಾಟದ ಕೋಣೆಯಲ್ಲಿ ಒಳ್ಳೆಯದು ಸಿಗುತ್ತದೆ, ಮಧ್ಯಾಹ್ನಕ್ಕೆ ಕೇಬಲ್ಲು, ಕೈಪಿಡಿಗಳಷ್ಟೇ ಉಳಿದಿರುತ್ತವೆ. ಊಟಕ್ಕೆ ನಾವು ಚಿತ್ರಾನ್ನ ಕಟ್ಟಿಕೊಂಡು ಹೋಗುತ್ತೇವೆ. ಹಳೇ ಯಂತ್ರ ಕೊಳ್ಳುವ ಮನಸ್ಸಿದ್ದರೆ ಜೊತೆಗೆ ಒಂದು ಮಲ್ಟಿಮೀಟರ್ ಇರಲಿ, ಪವರ್ ಸಪ್ಲೈ ಎಷ್ಟು ವೋಲ್ಟ್ ಕೊಡುತ್ತಿದೆ ಅಂತ ಅಲ್ಲೇ ನೋಡಿಕೊಳ್ಳಬಹುದು. ನಾನು ಈಗ ನನ್ನದನ್ನು ಚೀಲದಲ್ಲೇ ಇಟ್ಟುಕೊಂಡಿರುತ್ತೇನೆ. ಕಳೆದ ಸಲ ಇಬ್ಬರಿಗೆ ಬೇಕಾಯಿತು.